ಲೆಕ್ಕದ ಮನೆಯಿಂದ ನಾದದ ಮನೆಗೆ: ಸರ್ ಸಿ. ವಿ. ರಾಮನ್

ನಮ್ಮ ಸಂಘದ ಬಾಂಧವರಲ್ಲಿ ಬಹುಮಂದಿ ವಿಜಾಪುರ, ಬಾಗಲಕೋಟೆ, ಕಲಬುರ್ಗಿ ಸೀಮೆಗಳಿಂದ ಸೊಲ್ಲಾಪುರದ ದಾರಿ ಹಿಡಿದು ಹೊಟ್ಟೆಪಾಡಿಗಾಗಿ ಈ ಭೋಸರಿಗೆ ಬಂದು ನೆಲೆಸಿದವರು. ಗೋಳಗುಮ್ಮಟವನ್ನು ಕಾಣದವರು ನಮ್ಮಲ್ಲಿ ವಿರಳ. ಶಾಲೆಯ ಪ್ರವಾಸದಲ್ಲಿ ಏದುಸಿರು ಬಿಡುತ್ತ ಮೆಟ್ಟಿಲೇರಿ, ಮೇಲಿನ ಮೊಗಸಾಲೆಯ ಗೋಡೆಗೆ ಬಾಯಿ ಹಚ್ಚಿ ಗೆಳೆಯನ ಹೆಸರನ್ನು ಪಿಸುಗುಟ್ಟಿ, ಎದುರು ಅಂಚಿನಲ್ಲಿ ಕುಳಿತ ಅವನು ಬೆಚ್ಚಿ ತಿರುಗಿ ನೋಡಿದಾಗ ಕುಣಿದಾಡಿದವರೇ ನಾವೆಲ್ಲ. ಆದರೆ ಆ ಪಿಸುಮಾತು ಅಷ್ಟು ದೂರವನ್ನು ಹೇಗೆ ಕ್ರಮಿಸಿತು, ಯಾವ ದಾರಿಯಿಂದ ಹೋಯಿತು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ? ಹಾಗೆ ಕೇಳಿ, ಕೇಳಿದುದನ್ನು ಅಳೆದು, ಅಳೆದುದನ್ನು ಲೆಕ್ಕಕ್ಕೆ ತಂದ ಮಹನೀಯರೊಬ್ಬರ ಚರಿತ್ರೆಯನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯುವುದು ಉಚಿತವೆಂದು ತೋರಿತು. ಅವರೇ ಸರ್ ಚಂದ್ರಶೇಖರ ವೆಂಕಟರಾಮನ್ ಅವರು.

ರಾಮನ್ ಅವರ ಹೆಸರನ್ನು ಅರಿಯದ ಮಕ್ಕಳಿಲ್ಲ. ಬೆಳಕಿನ ವಿಷಯದಲ್ಲಿ ಅವರು ಮಾಡಿದ ಶೋಧನೆಗೆ ನೊಬೆಲ್ ಬಹುಮಾನ ಬಂದುದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಬೆಳಕಿನಂತೆಯೇ ಅವರ ಮನಸ್ಸನ್ನು ಸೆಳೆದುದು ನಾದ. ಮತ್ತು ಆ ನಾದದ ಬೆನ್ನು ಹತ್ತಿದ ವರ್ಷಗಳಲ್ಲಿ ಅವರು ಪ್ರೊಫೆಸರರಾಗಿರಲಿಲ್ಲ. ಸರಕಾರಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಗಳಾಗಿದ್ದರು. ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಜಮಾ-ಖರ್ಚು ತಾಳೆ ಮಾಡುವುದರಲ್ಲಿಯೇ ದಿನ ಸವೆಸುವ ನನ್ನಂಥವರಿಗೆ ಅವರ ಜೀವನದ ಈ ಭಾಗವೇ ಹೆಚ್ಚು ಹತ್ತಿರದ್ದು.

ರಾಮನ್ ಅವರು ೧೮೮೮ನೆಯ ಇಸವಿ ನವೆಂಬರ್ ೭ರಂದು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆಯವರು ಗಣಿತ ಹಾಗೂ ಭೌತಶಾಸ್ತ್ರದ ಉಪಾಧ್ಯಾಯರು. ಕೆಲಸ ಸಿಕ್ಕಿದುದು ವಿಶಾಖಪಟ್ಟಣದ ಕಾಲೇಜಿನಲ್ಲಿ. ಆದುದರಿಂದ ಹುಡುಗನ ಬಾಲ್ಯ ಕಳೆದುದು ಹುಟ್ಟಿದ ಊರಿನಲ್ಲಿ ಅಲ್ಲ, ತೆಲುಗು ಸೀಮೆಯ ಕಡಲತಡಿಯಲ್ಲಿ. ಅನ್ನ ದೊರೆತ ಊರೇ ಊರೆಂದು ನಡೆಯುವ ಪರಿಪಾಠ ಅವರಿಗೆ ತೊಟ್ಟಿಲಿನಿಂದಲೇ ಬಂದಿತೆನ್ನಬಹುದು. ತಂದೆಯವರಿಗೆ ಪಿಟೀಲು ನುಡಿಸುವ ಹವ್ಯಾಸವಿದ್ದಿತು. ಆ ತಂತಿಯ ನಾದವೂ ಕಡಲಿನ ಮೊರೆತವೂ ಹುಡುಗನ ಕಿವಿಯಲ್ಲಿ ಒಟ್ಟಿಗೆ ಬೆಳೆದವು.

ಹುಡುಗ ಅಸಾಮಾನ್ಯ ಬುದ್ಧಿವಂತ. ೧೧ನೆಯ ವಯಸ್ಸಿಗೆ ಮೆಟ್ರಿಕ್ಯುಲೇಶನ್ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ೧೯೦೪ರಲ್ಲಿ ಬಿ.ಎ. ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ೧೯೦೬ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರ ಮೊದಲ ಸಂಶೋಧನ ಲೇಖನ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅವರು ಸ್ವರಗಳನ್ನು ಕುರಿತು ಬರೆದ ಗ್ರಂಥವನ್ನೂ, ಇಂಗ್ಲೆಂಡಿನ ಲಾರ್ಡ್ ರೇಲೀ ಅವರು ನಾದಶಾಸ್ತ್ರವನ್ನು ಕುರಿತು ಬರೆದ ಎರಡು ಸಂಪುಟಗಳನ್ನೂ ಅವರು ಅರಗಿಸಿಕೊಂಡಿದ್ದರು.

ಆದರೆ ವಿಜ್ಞಾನದಿಂದ ಹೊಟ್ಟೆ ತುಂಬುವ ಕಾಲ ಅದಾಗಿರಲಿಲ್ಲ. ೧೯೦೭ರಲ್ಲಿ ಅವರು ಎಂ.ಎ. ಮುಗಿಸಿ, ಸರಕಾರದ ಹಣಕಾಸು ಸೇವೆಯ ಪರೀಕ್ಷೆಗೆ ಕುಳಿತು ಮೊದಲಿಗರಾಗಿ ತೇರ್ಗಡೆ ಹೊಂದಿದರು. ಅದೇ ವರ್ಷ ಲೋಕಸುಂದರಿ ಅಮ್ಮಾಳ್ ಅವರ ಪಾಣಿಗ್ರಹಣವಾಯಿತು. ಹದಿನೆಂಟರ ಹರೆಯದ ರಾಮನ್ ಹೊಸ ಸಂಸಾರ ಕಟ್ಟಿಕೊಂಡು ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಕಲಕತ್ತೆಗೆ ಹೊರಟರು. ಭಾಷೆ ಬಾರದ ಊರು, ಗುರುತಿಲ್ಲದ ಜನ, ತಲೆಯ ತುಂಬ ಕಚೇರಿಯ ಲೆಕ್ಕ. ಆ ಪಾಡನ್ನು ನಾವು ವಿವರಿಸಿಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಅದು ಗೊತ್ತು.

ಒಂದು ದಿನ ಟ್ರಾಮಿನಲ್ಲಿ ಹೋಗುತ್ತಿರುವಾಗ ಬೌಬಜಾರ್ ಬೀದಿಯ ೨೧೦ನೆಯ ಮನೆಯ ಮೇಲಿದ್ದ ಫಲಕವೊಂದು ಅವರ ಕಣ್ಣಿಗೆ ಬಿದ್ದಿತು. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಎಂಬ ದೇಶಾಭಿಮಾನಿ ವೈದ್ಯರು ೧೮೭೬ರಲ್ಲಿ ಭಾರತೀಯರಿಗಾಗಿ ಸ್ಥಾಪಿಸಿದ ವಿಜ್ಞಾನ ಸಂಘವದು. ಉಪಕರಣಗಳು ಧೂಳು ಹಿಡಿದು ಕುಳಿತಿದ್ದವು, ಉಪಯೋಗಿಸುವವರಿರಲಿಲ್ಲ. ರಾಮನ್ ಒಳಹೊಕ್ಕು ಅನುಮತಿ ಕೇಳಿದರು, ಸಂತೋಷದಿಂದ ಕೊಟ್ಟರು. ಅಂದಿನಿಂದ ಬೆಳಗಿನ ಜಾವ ಕಚೇರಿಗೆ ಮೊದಲು ಅಲ್ಲಿಗೆ, ಸಂಜೆ ಕಚೇರಿ ಬಿಟ್ಟ ಮೇಲೆ ಮತ್ತೆ ಅಲ್ಲಿಗೆ. ಮನೆ ಸೇರುವುದು ರಾತ್ರಿ. ಆಶುತೋಷ ಡೇ ಎಂಬ ಸಹಾಯಕರೊಬ್ಬರೇ ಜೊತೆ. ನಡುವೆ ೧೯೦೯ರಲ್ಲಿ ರಂಗೂನಿಗೂ ಮರುವರ್ಷ ನಾಗಪುರಕ್ಕೂ ವರ್ಗವಾಯಿತು. ಅವರು ಹೋದೆಡೆ ಕೆಲಸ ನಿಲ್ಲಿಸಲಿಲ್ಲ. ೧೯೧೧ರಲ್ಲಿ ಮರಳಿ ಕಲಕತ್ತೆಗೆ ಬಂದರು. ಹೀಗೆ ಹತ್ತು ವರ್ಷ ನಡೆಯಿತು.

ಈ ಹತ್ತು ವರ್ಷಗಳ ಬಿಡುವಿನ ವೇಳೆಯಲ್ಲಿಯೂ ಅನಂತರವೂ ಅವರು ಪರೀಕ್ಷಿಸಿದ ವಸ್ತುಗಳಾದರೂ ಎಂಥವು! ೧೯೦೯ರಲ್ಲಿ ಅವರು ಬರೆದುದು ಏಕತಾರಿಯ ಮೇಲೆ. ನಮ್ಮ ತತ್ತ್ವಪದ ಹಾಡುವವರ ಕೈಯಲ್ಲಿ ನಾವು ಕಂಡ ಅದೇ ಒಂಟಿ ತಂತಿಯ ವಾದ್ಯ. ಆಮೇಲೆ ಪಿಟೀಲಿನ ಕಮಾನು ತಂತಿಯ ಮೇಲೆ ಎಳೆದಾಗ ಆಗುವ ಚಲನೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ೧೯೧೮ರಲ್ಲಿ ದೊಡ್ಡ ಪ್ರಬಂಧವನ್ನೇ ಹೊರತಂದರು. ೧೯೨೦ರಲ್ಲಿ ಮೃದಂಗ, ತಬಲಗಳ ರಹಸ್ಯವನ್ನು ಬಿಡಿಸಿದರು. ಸಾಧಾರಣ ಚರ್ಮವಾದ್ಯವನ್ನು ಬಡಿದರೆ ಹೊರಡುವ ಧ್ವನಿಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಅದು ಸದ್ದಾಗುವುದೇ ಹೊರತು ಸ್ವರವಾಗುವುದಿಲ್ಲ. ನಮ್ಮ ಪೂರ್ವಿಕರು ಚರ್ಮದ ನಡುವೆ ಕಪ್ಪು ಲೇಪವನ್ನು ಹದವರಿತು ಹಚ್ಚಿ, ಆ ಧ್ವನಿಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪ್ರಮಾಣಕ್ಕೆ ಬರುವಂತೆ ಮಾಡಿದ್ದರು. ಹೆಸರಿಲ್ಲದ ಆ ಕುಶಲಕರ್ಮಿಗಳ ಜಾಣ್ಮೆಯನ್ನು ಲೋಕದ ವಿದ್ವಾಂಸರ ಮುಂದೆ ಅಂಕಿಸಂಖ್ಯೆಗಳಲ್ಲಿ ನಿರೂಪಿಸಿದವರು ರಾಮನ್.

೧೯೧೭ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಆಶುತೋಷ ಮುಖರ್ಜಿಯವರು ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ರಾಮನ್ ಅವರನ್ನು ಕರೆದರು. ಸಂಬಳ ಸರಕಾರಿ ಹುದ್ದೆಯ ಸುಮಾರು ಅರ್ಧ. ಮುಂದೆ ಬಡ್ತಿ, ನಿವೃತ್ತಿವೇತನ, ಅಧಿಕಾರ ಎಲ್ಲವೂ ಕಾದಿದ್ದ ನೌಕರಿಯದು. ಮೂವತ್ತು ತುಂಬದ ಸಂಸಾರಿಗ ಅದನ್ನು ಬಿಟ್ಟು ಅರ್ಧ ಸಂಬಳಕ್ಕೆ ಹೋಗುವುದೆಂದರೆ ನೆಂಟರಿಷ್ಟರು ಏನೆಂದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ರಾಮನ್ ಹೋದರು. ಆದರೆ ಇಲ್ಲೊಂದು ಮಾತನ್ನು ಮರೆಯಬಾರದು. ಅವರು ನೌಕರಿ ಬಿಟ್ಟ ಮೇಲೆ ವಿಜ್ಞಾನಿಗಳಾದವರಲ್ಲ, ನೌಕರಿಯಲ್ಲಿದ್ದಾಗಲೇ ಆಗಿದ್ದರು.

ಮತ್ತು ಲೆಕ್ಕದ ಮನೆಯ ಒಂದು ಗುಣ ಅವರನ್ನು ಕೊನೆಯವರೆಗೆ ಬಿಡಲಿಲ್ಲ. ಅದು ತನಿಖೆಯ ಗುಣ. ದೊಡ್ಡವರು ಸಹಿ ಹಾಕಿದ ಲೆಕ್ಕವೆಂದು ಲೆಕ್ಕತನಿಖೆಯವನು ಸುಮ್ಮನೆ ಒಪ್ಪುವಂತಿಲ್ಲ. ತಾನೇ ಕೂಡಿ ನೋಡಬೇಕು. ೧೯೨೧ರಲ್ಲಿ ರಾಮನ್ ಮೊದಲ ಬಾರಿಗೆ ವಿಲಾಯತಿಗೆ ಹೋದರು. ಆ ಒಂದೇ ಪ್ರವಾಸದಲ್ಲಿ ಅವರು ತಮ್ಮ ಪೂಜ್ಯ ಹಿರಿಯರಾದ ಲಾರ್ಡ್ ರೇಲೀ ಅವರ ಎರಡು ಲೆಕ್ಕಗಳನ್ನು ಮರುತನಿಖೆ ಮಾಡಿದರು.

ಮೊದಲನೆಯದು ಪಿಸುಮಾತಿನ ಲೆಕ್ಕ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿಯೂ ನಮ್ಮ ಗೋಳಗುಮ್ಮಟದಂತೆಯೇ ಪಿಸುಮಾತು ಆಚೆಗೆ ಕೇಳಿಸುವುದು. ಧ್ವನಿ ಗುಮ್ಮಟದ ಮೇಲ್ಛಾವಣಿಗೆ ಬಡಿದು ಎದುರಿಗೆ ಬೀಳುವುದೆಂದು ಹಿಂದಿನವರು ತಿಳಿದಿದ್ದರು. ರೇಲೀ ಅವರು ಅದು ಹಾಗಲ್ಲವೆಂದರು. ಧ್ವನಿ ಬಾಗಿದ ಗೋಡೆಯನ್ನು ಬಿಡದೆ, ಅದನ್ನು ನೆಕ್ಕಿಕೊಂಡೇ ತೆವಳುವುದೆಂದು ಗಣಿತದಿಂದ ತೋರಿಸಿದರು. ಗೋಡೆಗೆ ಓರೆಯಾಗಿ ತಾಗಿದ ಅಲೆ ಸ್ವಲ್ಪವೇ ತಿರುಗಿ ಮತ್ತೆ ಗೋಡೆಗೇ ತಾಗುವುದು. ಹೀಗೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸುತ್ತು ಬರುವುದು. ಬಯಲಿನಲ್ಲಿ ನುಡಿದ ಮಾತು ಎಲ್ಲ ದಿಕ್ಕಿಗೂ ಚೆಲ್ಲಿಹೋಗಿ ಬೇಗ ಕ್ಷೀಣಿಸುವುದು. ಗೋಡೆಯ ಮಗ್ಗುಲಲ್ಲಿಯೇ ಉಳಿದ ಮಾತು ಅಷ್ಟು ಚೆಲ್ಲುವುದಿಲ್ಲ. ಧ್ವನಿ ತಾರವಾದಷ್ಟೂ ಗೋಡೆಗೆ ಹೆಚ್ಚು ಅಂಟಿಕೊಳ್ಳುವುದು. ಪಿಸುಮಾತೆಂಬುದು ಉಸಿರಿನ ತಾರಧ್ವನಿಗಳ ಮೊತ್ತವೇ ಆದುದರಿಂದ ಅದಕ್ಕೆ ಈ ದಾರಿ ಹೇಳಿ ಮಾಡಿಸಿದ್ದು.

ರಾಮನ್ ಅವರು ಸದರ್ಲೆಂಡ್ ಎಂಬ ಮಿತ್ರರೊಂದಿಗೆ ಸೇಂಟ್ ಪಾಲಿನ ಗುಮ್ಮಟವನ್ನು ಹತ್ತಿ ಪರೀಕ್ಷಿಸಿದರು. ರೇಲೀ ಅವರ ಮಾತು ಮುಖ್ಯವಾಗಿ ಸರಿಯೇ. ಆದರೆ ಗೋಡೆಯಿಂದ ದೂರ ಸರಿದಂತೆ ಧ್ವನಿ ಒಂದೇ ಸಮನೆ ಕುಗ್ಗುತ್ತ ಹೋಗಲಿಲ್ಲ, ಏರಿಳಿತಗಳು ಕಂಡುಬಂದವು. ಲೆಕ್ಕದಲ್ಲಿ ಇಲ್ಲದ ಆ ಏರಿಳಿತವನ್ನು ಅವರು ಪುಸ್ತಕಕ್ಕೆ ಹಚ್ಚಿದರು. ಅನಂತರ ೧೯೨೨ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ನಮ್ಮ ವಿಜಾಪುರದ ಗೋಳಗುಮ್ಮಟ, ಪಾಟ್ನಾದ ಧಾನ್ಯದ ಗೋಲಘರ್, ಕಲಕತ್ತೆಯ ವಿಕ್ಟೋರಿಯಾ ಸ್ಮಾರಕ ಮೊದಲಾದವು ಸೇರಿದವು. ಮಹಮ್ಮದ ಆದಿಲಶಹನ ಸಮಾಧಿ ಹೀಗೆ ಭೌತಶಾಸ್ತ್ರದ ಪುಟಗಳನ್ನು ಏರಿತು. ಅದರ ಒಳವ್ಯಾಸ ಸುಮಾರು ೩೮ ಮೀಟರು. ಗೋಡೆಯನ್ನು ಹಿಡಿದು ಅರ್ಧ ಸುತ್ತು ಬರುವ ಪಿಸುಮಾತು ೬೦ ಮೀಟರು ನಡೆಯುವುದು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರಾದುದರಿಂದ ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗವೂ ಬೇಡ.

ವಾಚಕರು ಈಗ ಕೇಳಬಹುದು: ಗುಮ್ಮಟದ ಈ ವಿದ್ಯೆ ಭೋಸರಿಯಲ್ಲಿರುವ ನಮಗೇಕೆ? ಸ್ವಲ್ಪ ತಾಳ್ಮೆಯಿಂದ ನೋಡೋಣ. ಚಳಿಗಾಲದ ನಡುರಾತ್ರಿಯಲ್ಲಿ ಮನೆಯ ಮಾಳಿಗೆಯ ಮೇಲೆ ನಿಂತರೆ, ಹಗಲೆಲ್ಲ ಕೇಳದ ಯಾವುದೋ ಕಾರ್ಖಾನೆಯ ಭಾರಿ ಪ್ರೆಸ್ಸಿನ ದಡ್ ದಡ್ ಸಪ್ಪಳ ಎರಡು ಮೂರು ಕಿಲೋಮೀಟರು ದಾಟಿ ಬಂದು ಎದೆಗೆ ತಾಗುವುದು. ಹಗಲಿನ ಗದ್ದಲ ಇಲ್ಲದಿರುವುದು ಇದಕ್ಕೆ ಒಂದು ಕಾರಣ. ಅದಷ್ಟೇ ಅಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಧ್ವನಿಯ ವೇಗ ಸೆಕೆಂಡಿಗೆ ೦.೬ ಮೀಟರಿನಷ್ಟು ಹೆಚ್ಚುವುದು. ಹಗಲಿನಲ್ಲಿ ನೆಲ ಕಾದು, ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ನಿರಭ್ರ ರಾತ್ರಿಯಲ್ಲಿ ನೆಲ ಮೊದಲು ತಣಿದು, ಕೆಳಗಿನ ಗಾಳಿ ತಂಪು, ಮೇಲಿನದು ಬಿಸಿ. ಜೋಡೆತ್ತಿನಲ್ಲಿ ಬಲಗಡೆಯದು ಚುರುಕಾಗಿ ನಡೆದರೆ ಬಂಡಿ ಎಡಕ್ಕೆ ಹೊರಳುವುದನ್ನು ನಾವು ಬಲ್ಲೆವಷ್ಟೆ. ಹಾಗೆಯೇ ಧ್ವನಿಯ ಅಲೆಯ ಮೇಲ್ಭಾಗ ಚುರುಕಾದರೆ ಅಲೆ ಕೆಳಕ್ಕೆ ಹೊರಳುವುದು. ಹಗಲಿನಲ್ಲಿ ಮೇಲಕ್ಕೆ ಹೊರಳಿ ನಮ್ಮ ತಲೆಯ ಮೇಲೆ ಹಾರಿಹೋಗುವ ಸಪ್ಪಳ, ರಾತ್ರಿ ನೆಲಕ್ಕೆ ಬಾಗಿ, ನೆಲಕ್ಕೆ ತಾಗಿ ಪುಟಿದು, ಮತ್ತೆ ಬಾಗಿ, ಹೆಜ್ಜೆ ಹೆಜ್ಜೆಯಾಗಿ ದೂರ ಸಾಗುವುದು. ಗಾಳಿ ಬೀಸುವ ದಿಕ್ಕಿನಲ್ಲಿಯೂ ಹೀಗೆಯೇ ಆಗುವುದು.

ಗುಮ್ಮಟದಲ್ಲಿ ಗೋಡೆಯೇ ಧ್ವನಿಯ ಕಡೆಗೆ ಬಾಗುವುದು. ಬಯಲಿನಲ್ಲಿ ಧ್ವನಿಯೇ ನೆಲದ ಕಡೆಗೆ ಬಾಗುವುದು. ಗಣಿತದ ಕಣ್ಣಿಗೆ ಇವೆರಡೂ ಒಂದೇ ಬಗೆಯ ಲೆಕ್ಕ. ಬಯಲಿನ ಸಂಗತಿಯನ್ನು ರಾಮನ್ ಅವರು ಕಂಡುಹಿಡಿದರೆಂದು ನಾನು ಹೇಳುತ್ತಿಲ್ಲ. ಗಾಳಿಬೀಸಿನ ಪರಿಣಾಮವನ್ನು ೧೮೫೭ರಲ್ಲಿ ಸ್ಟೋಕ್ಸ್ ಎಂಬವರೂ, ಉಷ್ಣತೆಯದನ್ನು ೧೮೭೪ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬವರೂ ವಿವರಿಸಿದ್ದರು. ಆದರೆ ಗೋಡೆಯನ್ನು ಹಿಡಿದ ಅಲೆಯ ಲೆಕ್ಕವನ್ನು ಬಲ್ಲವನಿಗೆ ನೆಲವನ್ನು ಹಿಡಿದ ಅಲೆಯ ಲೆಕ್ಕ ಅಪರಿಚಿತವಲ್ಲ.

ಒಂದು ವ್ಯತ್ಯಾಸವಿದೆ. ಗುಮ್ಮಟದಲ್ಲಿ ಗೆಲ್ಲುವುದು ತಾರಧ್ವನಿ. ಬಯಲಿನ ದೂರದ ದಾರಿಯಲ್ಲಿ ಗೆಲ್ಲುವುದು ಮಂದ್ರ. ಇದನ್ನು ನಮ್ಮ ಜಮಾ-ಖರ್ಚಿನಂತೆಯೇ ಬರೆಯಬಹುದು, ಮತ್ತು ವಿಜ್ಞಾನಿಗಳು ಇಂದಿಗೂ ಬರೆಯುವುದು ಹಾಗೆಯೇ. ಹೊರಟ ಧ್ವನಿ ಜಮೆ. ದೂರ ಇಮ್ಮಡಿಯಾದಂತೆಲ್ಲ ಹರಡುವಿಕೆಗೆಂದು ೬ ಡೆಸಿಬೆಲ್ ಖರ್ಚು. ಇದು ಎಲ್ಲ ಧ್ವನಿಗಳಿಗೂ ಸಮಾನ. ಅದರ ಮೇಲೆ ಗಾಳಿ ವಸೂಲು ಮಾಡುವ ಸುಂಕವೊಂದು ಬೇರೆ. ೨೦ ಡಿಗ್ರಿಯ, ಶೇಕಡ ೭೦ ತೇವದ ಗಾಳಿಯಲ್ಲಿ ಸೆಕೆಂಡಿಗೆ ೪,೦೦೦ ಕಂಪನಗಳ ತಾರಧ್ವನಿ ಕಿಲೋಮೀಟರಿಗೆ ಸುಮಾರು ೨೩ ಡೆಸಿಬೆಲ್ ತೆರಬೇಕು. ೧,೦೦೦ ಕಂಪನಗಳದು ೫. ೬೩ ಕಂಪನಗಳ ಮಂದ್ರಧ್ವನಿ ತೆರುವುದು ಬರೀ ೦.೧. ಅದರ ಒಂದೊಂದು ಅಲೆಯ ಉದ್ದವೇ ಐದು ಮೀಟರಿಗೆ ಮಿಗಿಲಾದುದರಿಂದ ಮನೆ, ಕಾಂಪೌಂಡುಗಳನ್ನು ಅದು ಬಳಸಿಕೊಂಡು ಬರುವುದು. ಊರ ಜಾತ್ರೆಯ ದಾರಿಯಲ್ಲಿ ಸನಾದಿಗಿಂತ ಮೊದಲು ಡೊಳ್ಳು ಕೇಳಿಸುವುದೂ ಬಹುಮಟ್ಟಿಗೆ ಇದರಿಂದಲೇ.

ಈ ಸುಂಕ ಮಂದ್ರಕ್ಕಿಂತಲೂ ಮಂದ್ರವಾದ, ಕಿವಿಗೆ ಕೇಳದಷ್ಟು ನಿಧಾನವಾದ ಅಲೆಗಳಿಗೆ ಇಲ್ಲವೆಂಬಷ್ಟು ಕಡಿಮೆ. ರಾಮನ್ ಅವರು ಹುಟ್ಟುವ ಐದು ವರ್ಷಗಳ ಮೊದಲು, ೧೮೮೩ರ ಆಗಸ್ಟ್ ೨೭ರಂದು, ಜಾವಾದ ಬಳಿಯ ಕ್ರಕಟೋವ ಜ್ವಾಲಾಮುಖಿ ಸಿಡಿಯಿತು. ಅದರ ಸದ್ದು ಸುಮಾರು ೪,೮೦೦ ಕಿಲೋಮೀಟರು ದೂರದ ರೋಡ್ರಿಗ್ಸ್ ದ್ವೀಪದಲ್ಲಿ ತೋಪು ಹಾರಿಸಿದಂತೆ ಕೇಳಿಸಿತು. ಕಿವಿಗೆ ಕೇಳದ ಅಲೆಯಂತೂ ಭೂಮಂಡಲವನ್ನು ಹಲವು ಬಾರಿ ಸುತ್ತಿ ದೇಶದೇಶಗಳ ವಾಯುಭಾರಮಾಪಕಗಳಲ್ಲಿ ತನ್ನ ಗುರುತು ಬರೆಯಿತು.

ಇನ್ನು ಎರಡನೆಯ ತನಿಖೆ. ೧೯೨೧ರ ಪ್ರವಾಸದಿಂದ ಮರಳುವಾಗ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ರಾಮನ್ ಕಂಡರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ರೇಲೀ ಅವರು ಬರೆದಿದ್ದರು. ರಾಮನ್ ತಮ್ಮೊಂದಿಗಿದ್ದ ಸಣ್ಣ ಉಪಕರಣದಿಂದಲೇ ಆ ಪ್ರತಿಬಿಂಬವನ್ನು ಮರೆಮಾಡಿ ನೋಡಿದರು, ನೀಲಿ ಹೋಗಲಿಲ್ಲ. ನೀರೇ ಬೆಳಕನ್ನು ಚದರಿಸುತ್ತಿದ್ದಿತು. ಅಲ್ಲಿಂದ ಮೊದಲಾದ ದಾರಿ ಏಳು ವರ್ಷಗಳ ಮೇಲೆ, ೧೯೨೮ರ ಫೆಬ್ರವರಿ ೨೮ರಂದು, ಶಿಷ್ಯ ಕೆ. ಎಸ್. ಕೃಷ್ಣನ್ ಅವರೊಡನೆ ಕಂಡ ರಾಮನ್ ಪರಿಣಾಮಕ್ಕೂ, ೧೯೩೦ರ ನೊಬೆಲ್ ಬಹುಮಾನಕ್ಕೂ ತಲುಪಿತು. ಆ ದಿನವೇ ಇಂದು ರಾಷ್ಟ್ರೀಯ ವಿಜ್ಞಾನ ದಿನ. ಈ ಕಥೆ ಎಲ್ಲರಿಗೂ ತಿಳಿದುದಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

೧೯೩೩ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಪದವಿಗೆ ಬಂದ ಮೊದಲ ಭಾರತೀಯರು ಅವರೇ. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಮೈಸೂರಿನ ಮಹಾರಾಜರು ಅದಕ್ಕೆ ಭೂಮಿ ದಯಪಾಲಿಸಿದರು. ನಾಗೇಂದ್ರನಾಥ್ ಎಂಬ ಯುವಕರೊಡನೆ ೧೯೩೫-೩೬ರಲ್ಲಿ, ಕಿವಿಗೆ ಕೇಳದ ತಾರಧ್ವನಿಯ ಅಲೆಗಳು ಹಾಯುವ ದ್ರವದಲ್ಲಿ ಬೆಳಕು ಹೇಗೆ ದಾರಿ ಬದಲಿಸುವುದೆಂಬುದನ್ನು ಗಣಿತದಿಂದ ನಿರೂಪಿಸಿದರು. ನಾದ ಮತ್ತು ಬೆಳಕು, ಅವರ ಎರಡು ಪ್ರೀತಿಗಳೂ, ಬೆಂಗಳೂರಿನಲ್ಲಿ ಒಂದಾದವು.

ಎಲ್ಲವೂ ಸುಗಮವಾಗಿರಲಿಲ್ಲ. ಅವರದು ಖಡಕ್ ಸ್ವಭಾವ, ಮಾತು ಹರಿತ. ಮಂದಿರದಲ್ಲಿ ವೈಮನಸ್ಯ ಬೆಳೆದು ೧೯೩೭ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟುಕೊಟ್ಟು ಪ್ರಾಧ್ಯಾಪಕರಾಗಿ ಮುಂದುವರಿಯಬೇಕಾಯಿತು. ಮುಂಬಯಿಯಿಂದ ಬಂದ ಕಮಲಾ ಭಾಗವತ್, ಮುಂದೆ ಕಮಲಾ ಸೋಹೋನಿಯೆಂದು ಹೆಸರಾದ ವಿದುಷಿಗೆ, ಹೆಣ್ಣೆಂಬ ಕಾರಣಕ್ಕೆ ಅವರು ಮೊದಲು ಪ್ರವೇಶ ನಿರಾಕರಿಸಿದ್ದರು. ಆಕೆ ಬಿಡದೆ ಹಟ ಹಿಡಿದು, ನಿಬಂಧನೆಗಳ ಮೇಲೆ ಪ್ರವೇಶ ಪಡೆದು, ತನ್ನ ಕೆಲಸದಿಂದಲೇ ಅವರ ಅಭಿಪ್ರಾಯವನ್ನು ತಿದ್ದಿದರು. ಪರರ ಲೆಕ್ಕ ತಿದ್ದಿದವರ ಲೆಕ್ಕದಲ್ಲಿಯೂ ತಪ್ಪಿರಬಹುದು. ಹಿರಿಯರ ಚರಿತ್ರೆಯಲ್ಲಿ ಇದನ್ನು ಮುಚ್ಚಿಡುವುದು ಅವರಿಗೇ ಒಪ್ಪುವ ರೀತಿಯಲ್ಲ.

೧೯೪೮ರಲ್ಲಿ ನಿವೃತ್ತರಾಗಿ ತಮ್ಮದೇ ಸಂಶೋಧನಾಲಯವನ್ನು ಬೆಂಗಳೂರಿನಲ್ಲಿ ಕಟ್ಟಿದರು. ೧೯೫೪ರಲ್ಲಿ ಭಾರತರತ್ನ ಬಂದಿತು. ಹೂವು, ಹರಳು, ವಜ್ರ, ಬಣ್ಣಗಳೆಂದು ಅವರು ಕೊನೆಯವರೆಗೂ ಕೇಳುತ್ತ, ನೋಡುತ್ತ ನಡೆದರು. ೧೯೭೦ರ ನವೆಂಬರ್ ೨೧ರಂದು ಅದೇ ಸಂಶೋಧನಾಲಯದ ಆವರಣದಲ್ಲಿ ಕಾಲವಾದರು. ಅವರ ಇಚ್ಛೆಯಂತೆ ಅಲ್ಲಿಯೇ ಅಗ್ನಿಸಂಸ್ಕಾರವಾಯಿತು. ಸಮಾಧಿಯ ಕಲ್ಲು ನಿಲ್ಲಿಸಲಿಲ್ಲ; ಆ ಸ್ಥಳದಲ್ಲಿ ಒಂದು ಮರವನ್ನು ನೆಟ್ಟರು.

ತಮಿಳು ನಾಡಿನಲ್ಲಿ ಹುಟ್ಟಿ, ತೆಲುಗು ಸೀಮೆಯಲ್ಲಿ ಬೆಳೆದು, ವಂಗದೇಶದಲ್ಲಿ ದುಡಿದು, ಬದುಕಿನ ಕೊನೆಯ ೩೭ ವರ್ಷಗಳನ್ನು ಕನ್ನಡ ನೆಲಕ್ಕೆ ಕೊಟ್ಟ ರಾಮನ್ ಅವರನ್ನು ಕನ್ನಡಿಗರು ಹೊರಗಿನವರೆಂದು ಎಣಿಸಲಿಲ್ಲ. ಹೊರನಾಡಿಗೆ ಬಂದ ನಮಗೆ ಅದರಲ್ಲಿ ಪಾಠವಿದೆ. ನಾವು ಕಾಲಿಟ್ಟ ನೆಲಕ್ಕೆ ಏನನ್ನಾದರೂ ಕೊಟ್ಟರೆ ಅದೂ ನಮ್ಮದಾಗುವುದು. ಇನ್ನೊಂದು ಪಾಠ, ಹೊಟ್ಟೆಪಾಡಿನ ಕೆಲಸ ಮನಸ್ಸಿನ ಕೆಲಸಕ್ಕೆ ಶತ್ರುವಾಗಬೇಕಿಲ್ಲವೆಂಬುದು. ಪಾಳಿ ಮುಗಿಸಿ, ಕಚೇರಿ ಮುಗಿಸಿ ಬಂದ ಮೇಲೆ ಉಳಿಯುವ ಒಂದೆರಡು ಗಂಟೆಗಳಲ್ಲಿ ಏನಾದೀತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಏಕತಾರಿ, ಪಿಟೀಲುಗಳ ರಹಸ್ಯವನ್ನು ಅವರು ಬಿಡಿಸಿದುದು ಅಂಥ ಗಂಟೆಗಳಲ್ಲಿಯೇ.

ಈ ಸಲ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ಯಿರಿ. ಜನಜಂಗುಳಿ ಸೇರುವ ಮೊದಲೇ, ಬೆಳಿಗ್ಗೆ ಹೋಗಿರಿ. ಗೋಡೆಗೆ ಬಾಯಿ ಹಚ್ಚಿ ಮಗುವಿನ ಹೆಸರನ್ನು ಪಿಸುಗುಟ್ಟಿರಿ. ಎದುರಿನಿಂದ ಅದು ಓಡಿಬಂದು ಇದು ಹೇಗೆ ಕೇಳಿಸಿತೆಂದು ಕೇಳಿದರೆ, ಸುಮ್ಮನಿರು ಎನ್ನಬೇಡಿರಿ. ಕುಳಿತು ಹೇಳಿರಿ, ತಿಳಿಯದಿದ್ದರೆ ಅದರೊಡನೆ ಕೂಡಿ ಹುಡುಕಿರಿ. ರಾಮನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ಹೆಚ್ಚಿನದು ಇಲ್ಲ.